ಪ್ಲಗ್ ಕಿತ್ತ ಮೇಲೂ

ಪ್ಲಗ್ ಕಿತ್ತರೆ ಕರೆಂಟಿನ ಕಾಟ ಮುಗಿಯಿತು ಅಂತ ನಾವೆಲ್ಲ ನಂಬಿದ್ದೇವೆ, ಅಲ್ಲವೇ? ಗಡಿಯಾರ ರಿಪೇರಿಯವನೂ ಹಾಗೇ ನಂಬಿದ್ದ. ಅಜ್ಜನ ವಾಲ್ವ್ ರೇಡಿಯೋ ಮತ್ತೆ ಹಾಡಬೇಕೆಂಬ ಹುಚ್ಚು ಅವನಿಗೆ. ಅದಕ್ಕೆಂದು ಊಟದ ಮೇಜಿನ ಮೇಲೇ ಪವರ್ ಸಪ್ಲೈ ಕಟ್ಟಿದ್ದ. ನಾನೂರು ವೋಲ್ಟಿನದು, ಮುಚ್ಚಳವೂ ಇಲ್ಲ!

ರೇಡಿಯೋ ಗೊರಗೊರ ಅಂದಿತೇ ಹೊರತು ಹಾಡಲಿಲ್ಲ. ಕೆಪಾಸಿಟರ್ ಪಕ್ಕದ ರೆಸಿಸ್ಟರ್ ಬಿಸಿಯಾಗುತ್ತಿತ್ತು.

"ಕರೆಂಟ್ ತಿನ್ನೋ ಕಳ್ಳ ಇವನೇ!" ಎಂದ.

ನೋಡಲು ಬಂದಿದ್ದ ಪಕ್ಕದ ಮನೆಯ ಅಕ್ಕ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವವರು. "ಅದನ್ನ ಕೀಳ್ಬೇಡಪ್ಪ" ಅಂದರು. "ಆಫ್ ಮಾಡಿದ್ಮೇಲೂ ಕೆಪಾಸಿಟರ್ ಕರೆಂಟ್ ಹಿಡಿದಿಟ್ಕೊಂಡಿರುತ್ತೆ. ಅದನ್ನ ಇಳಿಸೋದೇ ಈ ರೆಸಿಸ್ಟರ್."

"ಪ್ಲಗ್ಗೇ ಕಿತ್ರೆ ಕರೆಂಟ್ ಆಕಾಶದಿಂದ ಬರುತ್ತಾ ಅಕ್ಕಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಅಕ್ಕ ಅತ್ತ ಹೋದದ್ದೇ ತಡ, ರೆಸಿಸ್ಟರ್ ಕಿತ್ತು ಜೇಬಿಗೆ ಹಾಕಿಕೊಂಡ. ಒಮ್ಮೆ ಹಚ್ಚಿ ನೋಡಿದ; ಆಗಲೂ ಹಾಡದಿದ್ದಾಗ ಪ್ಲಗ್ ಎಳೆದ. ಹೆಂಡತಿ ಮೇಜು ಒರೆಸಲು ಬಂದಳು.

"ಇದನ್ನ ಮುಟ್ಟಬಹುದಾ?"

"ಪ್ಲಗ್ ಕಿತ್ತಿದೀನಲ್ಲ, ಧೈರ್ಯವಾಗಿ ಸರಿಸು."

ಫಟ್ ಎಂದಿತು. ಅವಳು ಗೋಡೆಗೆ ಬಡಿದು ಕುಸಿದಳು. ಬೆರಳು ಸುಟ್ಟಿತ್ತು, ಏದುಸಿರು ಬಿಡುತ್ತಿದ್ದಳು. ಸದ್ದು ಕೇಳಿ ಅಕ್ಕ ಓಡಿಬಂದರು.

"ಒದ್ದೆ ಕೈಯಲ್ಲಿ ಮುಟ್ಟಿಬಿಟ್ಲು" ಎಂದುಬಿಟ್ಟ.

ಹೆಂಡತಿ ಅವನ ಮುಖ ನೋಡಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಜೇಬಿನಿಂದ ರೆಸಿಸ್ಟರ್ ತೆಗೆದು ತೋರಿಸಿದ.

"ಅವಳ ತಪ್ಪಲ್ಲ ಅಕ್ಕಾ. ಕಿತ್ತವನು ನಾನು, ಸರಿಸು ಅಂದವನೂ ನಾನೇ. ಮೇಲಿಂದ ಸುಳ್ಳು ಬೇರೆ ಹೇಳಿದೆ."

"ನಾಚಿಕೆ ಆಮೇಲೆ ಪಡುವಿಯಂತೆ. ಮೊದ್ಲು ಆಸ್ಪತ್ರೆಗೆ ನಡಿ. ಶಾಕ್ ಹೊಡೆದವರು ಮೇಲೆ ಚೆನ್ನಾಗಿ ಕಂಡ್ರೂ ಡಾಕ್ಟ್ರು ಎದೆ ಬಡಿತ ನೋಡ್ಲೇಬೇಕು."

ಪುಣ್ಯಕ್ಕೆ ಅವಳು ಉಳಿದಳು. ಆಮೇಲೆ ಅಕ್ಕನೇ ಹುಡುಕಿದರು: ಒಂದು ಬೆಸುಗೆ ಸಡಿಲವಾಗಿತ್ತು, ಅಷ್ಟೇ. ರೆಸಿಸ್ಟರ್ ಮತ್ತೆ ತನ್ನ ಜಾಗಕ್ಕೆ ಬಂತು, ಪವರ್ ಸಪ್ಲೈಗೆ ಮುಚ್ಚಳವೂ ಬಂತು. ರೇಡಿಯೋ ಹಾಡಿತು. ಪಟ್ಟಿ ಕಟ್ಟಿದ ಆ ಕೈಯನ್ನು ನೋಡಲಾಗದೆ ಅವನು ತಲೆ ತಗ್ಗಿಸಿ ಕೂತಿದ್ದ.

"ಈಗ ಮುಟ್ಟಬಹುದಾ?" ಎಂದಳು ಹೆಂಡತಿ.

"ಬೇಡ ಕಣೇ. ಆಫ್ ಮಾಡಿ, ವೋಲ್ಟ್ ಮೀಟರ್ ಸೊನ್ನೆ ತೋರಿಸೋವರೆಗೂ ನಾನೂ ಮುಟ್ಟಲ್ಲ."

ಅಣ್ಣಂದಿರೇ, ಅಕ್ಕಂದಿರೇ, ಹೈ ವೋಲ್ಟೇಜ್ ಕೆಲಸ ಬಲ್ಲವರಿಗೇ ಬಿಡಿ. ಪ್ಲಗ್ ಕಿತ್ತ ಮಾತ್ರಕ್ಕೆ ಅಪಾಯ ಹೋಯಿತು ಅಂದುಕೊಳ್ಳಬೇಡಿ. "ಏನೂ ಆಗಲ್ಲ, ಮುಟ್ಟು" ಅನ್ನುವ ಮುಂಚೆ ಒಮ್ಮೆ ಯೋಚಿಸಿ. ಆ ಮಾತು ನಂಬಿ ಕೈ ಚಾಚುವವರು ನಿಮ್ಮ ಮನೆಯವರೇ.