ಜಂತಿ ಕೆಳಗಿನ ಜಾಯಿಂಟು

ಕಂದೀಲಿನ ಗಾಜಿನೊಳಗೆ ಬೂದಿಬಟ್ಟೆ ಆಡಿಸಿದಷ್ಟೂ ಮಸಿ ಬೆರಳಿಗೇ ಹತ್ತುತ್ತದೆ, ಹತ್ತಲಿ, ಮನೆಗೆ ಕರೆಂಟು ಬಂದ ಮೇಲೂ ಕಂದೀಲು ಒರೆಸುವ ಮುದುಕಿ ಇಡೀ ವಿಜಾಪುರದಲ್ಲಿ ನಾನೊಬ್ಬಳೇ, ಮೇನ್ ಸ್ವಿಚ್ಚು ಇಳಿಸಿದವಳೂ ನಾನೇ — ಏರಸಲೇನ ಬೇ ಯವ್ವಾ ಎಂದು ಮಗ ಗುರಲಿಂಗಪ್ಪ ದಿನಾ ಕೇಳುತ್ತಾನೆ, ಮೊದಲ ಏಣಿ ಹತ್ತಿ ಆ ಅರಿವಿ ಮೂಸಿ ಬಾ ಎನ್ನುತ್ತೇನೆ, ಹತ್ತುವುದಿಲ್ಲ. ಜಂತಿಯ ಕೆಳಗೆ ಎರಡು ವಾಯರು ಕೂಡುವಲ್ಲಿ ಮುಚ್ಚಿದ್ದ ಮರದ ಪಟ್ಟಿ ಕಳಚಿ ಬಿದ್ದಾಗ ಕಂಡಿತಲ್ಲ, ಹಳದಿ ಅರಿವೆಯ ಚೂರು, ಅಂಚು ಸುಟ್ಟು ಕಂದಿದ್ದು. ಮಗಳು ರೇಣುಕಾಳ ಮದುವೆಯ ಅವಸರ, ಅಳಿಯನ ಅಣ್ಣ ಶಂಕ್ರೆಪ್ಪ ತಿಕೋಟಾದಿಂದ ಬಂದು ತಾನೇ ವಾಯರಿಂಗ್ ಮಾಡಿದ, ಏಣಿಯ ಮೇಲಿಂದ ನಗುತ್ತ, ಯುದ್ಧದಾಗ ರಬ್ಬರ್ ಪಟ್ಟಿ ಎಲ್ಲಿ ಸಿಗತೈತ್ರಿ ಅತ್ತಿ, ಅರಿಷಿಣದ ಅರಿವಿ ಸುತ್ತೀನಿ, ಶುಭಾನೂ ಆತು, ಕೆಲಸಾನೂ ಆತು, ಅಂದ. ನಮ್ಮ ರಾತ್ರಿಶಾಲೆಗೆ ದೀಪ ಹಾಕಿದ ಬುಡ್ಡೇಸಾಬ ಹಾಗೆ ಮಾಡಿರಲಿಲ್ಲ, ಮೇನ್ ಇಳಿಸಿ, ತಾಮ್ರ ಹೊಳೆಯುವ ತನಕ ಕೆರೆದು, ಬಿಗಿಯಾಗಿ ಹೊಸೆದು, ಬೆಸುಗೆ ಹಚ್ಚಿ, ರಬ್ಬರು, ಅದರ ಮೇಲೆ ಕರಿ ಪಟ್ಟಿ, ಸಡಿಲ ಬಿಟ್ರ ಕಾಯತೈತ್ರಿ ಆಯಿ, ಕಾದ್ರ ಹೊತ್ತತೈತಿ, ಅಂದಿದ್ದ — ಅಕ್ಷರ ತಿದ್ದುವ ಪಾಟಿ ಬಿಟ್ಟು ಅವನ ಕೈಯನ್ನೇ ನೋಡಿದ್ದೆ.

ಬೀಗರ ತಪ್ಪ ಎತ್ತಿ ಆಡಬ್ಯಾಡ ಬೇ, ತಂಗಿ ಅವರ ಮನ್ಯಾಗ ಬಾಳೇ ಮಾಡಬೇಕು ಎಂದ ಗುರಲಿಂಗಪ್ಪ, ಆ ಮಾತಿಗೇ ಸೋತು ಶಂಕ್ರೆಪ್ಪನಿಗೆ ಬರೆದ ಕಾಗದವನ್ನು ಜೋಳದ ಗಡಿಗೆಯ ಹಿಂದೆ ಸಿಕ್ಕಿಸಿದೆ, ಅಲ್ಲೇ ಉಳಿಯಿತು, ಈಗ ತಿಕೋಟಾದಿಂದ ಹೇಳಿ ಕಳಿಸಿದ್ದಾರೆ, ರೇಣುಕಾ ಚೊಚ್ಚಲ ಬಸುರಿ, ಬಾಣಂತನಕ್ಕ ಕರಕೊಂಡು ಹೋಗ್ರಿ — ಕರೆತಂದು ಎಲ್ಲಿ ಮಲಗಿಸಲಿ, ತೊಟ್ಟಿಲ ಕೊಂಡಿ ಇರುವುದೂ ಆ ಜಂತಿಗೇ, ನಾನು ಕಣ್ಣು ಮುಚ್ಚಿದ ಗಳಿಗೆಗೆ ಯಾರೋ ಒಬ್ಬರು, ಬಾಣಂತಿ ಮನಿ ಕತ್ತಲ ಇರಬಾರದು ಎಂದು ಸ್ವಿಚ್ಚು ಏರಿಸುತ್ತಾರೆ, ಏರಿಸಿಯೇ ಏರಿಸುತ್ತಾರೆ. ಬೀಗರು ಮುನಿಯಲಿ, ಕೂತು ಮುನಿಯಲಿ. ಸೆರಗಿಗೆ ಕೈ ಒರೆಸಿ, ಕಾಗದ ತೆಗೆದು ಕೊನೆಗೊಂದು ಸಾಲು ಸೇರಿಸಿ ಹೊರಟೆ, ಎಲ್ಲಿಗಿ ಹೊಂಟಿ ಬೇ — ಟಪಾಲಿಗೆ — ಬ್ಯಾಡ ಯವ್ವಾ, ರೇಣುಕಾಗ ತ್ರಾಸ ಆಗತೈತಿ — ಅರಿವಿ ಮೂಸಿ ಬಂದು ಹೇಳು ಬ್ಯಾಡಂತ, ಅಂದೆ, ಗೋಳಗುಮ್ಮಟದ ಹಾದಿ, ಬಿಸಿಲು, ಕಾಗದದಲ್ಲಿ ಬರೆದದ್ದೇ ಬಾಯಲ್ಲಿ, ಬಾ ಶಂಕ್ರೆಪ್ಪ, ಬೆಸುಗೆ ತಾ, ರಬ್ಬರು ತಾ, ಕಟ್ಟಿದ ಜಾಯಿಂಟು ನೀನೇ ಬಿಚ್ಚಿ ಮತ್ತೆ ಕಟ್ಟು, ಅಲ್ಲಿಯ ತನಕ ಈ ಮನೆಗೆ ದೀಪವೂ ಬೇಡ, ನನ್ನ ಮಗಳು ಬರುವುದೂ ಇಲ್ಲ, ಕೆಳಗೆ ಲಕ್ಕವ್ವ ಎಂದು ನನ್ನದೇ ಅಕ್ಷರ, ಹೆಬ್ಬೆಟ್ಟಲ್ಲ. ಕೆಂಪು ಪೆಟ್ಟಿಗೆಯ ಬಾಯಿ, ಕಾಗದದ ಮೇಲೆ ಮಸಿಬೆರಳಿನ ಗುರುತು, ಬಿಡು, ಬಿಟ್ಟೆ, ಬಿತ್ತು — ಹಳದಿ ಅರಿವೆ, ಅಂಚು ಸುಟ್ಟು ಕಂದಿದ್ದು, ಅದರ ಕೆಳಗೆ ಖಾಲಿ ಕೊಂಡಿ, ಹಳದಿ ಅರಿವೆ —