ಹೊಳೆಯುವವರೆಗೆ

ಮಗ ಅಪ್ಪನ ಕಿರುಬೆರಳು ಬಿಡಿಸಿದ. ಉಂಗುರದ ಬೆರಳಿಗೆ ಕೈಹಾಕುವಷ್ಟರಲ್ಲಿ ಕಿರುಬೆರಳು ಮತ್ತೆ ಮಡಚಿಕೊಂಡು ಅಮ್ಮನ ಮಣಿಕಟ್ಟನ್ನು ಹಿಡಿಯಿತು.

"ಬಿಡಪ್ಪ. ಸುಡುಗಾಡಲ್ಲಿ ಹನ್ನೊಂದೂವರೆಗೆ ಟೈಮ್ ಕೊಟ್ಟಿದ್ದಾರೆ. ವ್ಯಾನು ಬಂದು ಅರ್ಧ ಗಂಟೆ ಆಯ್ತು."

ಮುದುಕ ಹಿಡಿತ ಇನ್ನಷ್ಟು ಬಿಗಿ ಮಾಡಿದ. ಬೆಳಗ್ಗೆ ಏಳಕ್ಕೆ ಹೆಂಡತಿಯ ಉಸಿರು ನಿಂತಾಗ ಹಿಡಿದ ಕೈ ಅದು. ಡಾಕ್ಟರು ಬಂದು ಹೋದರು, ನೆಂಟರು ಬಂದು ಅತ್ತರು, ಕೈ ಮಾತ್ರ ಹಿಡಿದಲ್ಲೇ ಇತ್ತು.

"ಇಬ್ರು ಸೇರಿ ಎಳೆದ್ರೆ ಬರತ್ತೆ ಸಾರ್," ಅಂದ ವ್ಯಾನಿನ ಡ್ರೈವರು.

"ಎಳೆಯೋಕೆ ಅದೇನು ಹಗ್ಗಾನಾ?" ಬಾಗಿಲ ಬಳಿ ನಿಂತಿದ್ದ ಟೈಲರಮ್ಮನ ಬಾಯಿಂದ ಮಾತು ಜಾರಿಬಿಟ್ಟಿತು.

ಸೊಸೆ ಅವಳನ್ನು ಪಕ್ಕಕ್ಕೆ ಎಳೆದಳು. "ನೀವು ಅತ್ತೆ ಹತ್ರ ಧ್ಯಾನ ಹೇಳಿಕೊಡೋದು ಕಲಿತೋರಲ್ವಾ? ಮಾವನಿಗೆ ಏನಾದ್ರೂ ಹೇಳಿ. ನಮ್ಮನೆಯವರಿಗೆ ತಲೆಕೆಟ್ರೆ ನಿಜವಾಗ್ಲೂ ಎಳೆದುಬಿಡ್ತಾರೆ. ಆಮೇಲೆ ಅಪ್ಪ ಮಗ ಜನ್ಮದಲ್ಲಿ ಮಾತಾಡಲ್ಲ."

ತೀರಿಕೊಂಡವಳನ್ನು ಟೈಲರಮ್ಮ ಅಕ್ಕ ಅನ್ನುತ್ತಿದ್ದಳು. ಅವಳಿಂದ ಕಲಿತದ್ದು ನಿಜ. ಆದರೆ ಬಾಯಿ ಬಿಟ್ಟದ್ದು ಒಂದೇ ಒಂದು ಸಲ, ಮತ್ತು ಅವತ್ತು ಏನಾಯಿತೆಂದು ಅಕ್ಕ ಮನೆಯಲ್ಲಿ ಹೇಳಿದ ಹಾಗಿರಲಿಲ್ಲ.

*

ಅಕ್ಕ ಇಪ್ಪತ್ತೆಂಟು ವರ್ಷ ಟೆಲಿಫೋನ್ ಆಫೀಸಿನಲ್ಲಿ ಕೂತು "ಲೈನಲ್ಲೇ ಇರಿ" ಅಂದವಳು. ನಿವೃತ್ತಿಯಾದ ಮೇಲೆ ಅದೇ ಗಂಟಲನ್ನು ಆಸ್ಪತ್ರೆಯ ಡಯಾಲಿಸಿಸ್ ಹಾಲಿಗೆ ಒಯ್ದಳು. ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟುಬಿದ್ದವರನ್ನು ಬರೀ ಮಾತಿನಲ್ಲೇ ತೋಟ, ಬೆಟ್ಟ, ಹುಟ್ಟಿದ ಮನೆಯ ಹಿತ್ತಿಲು ಎಲ್ಲ ಸುತ್ತಿಸಿ ತಂದು ಬಿಡುತ್ತಿದ್ದಳು. ಹಾಲಿನ ಪರದೆ ಹೊಲಿದು ಕೊಡಲು ಹೋದ ಟೈಲರಮ್ಮ ಆ ದನಿ ಕೇಳಿ ಅಲ್ಲೇ ಕೂತವಳು, ಮತ್ತೆ ಏಳಲಿಲ್ಲ.

ಒಂದು ದಿನ ಅಕ್ಕ, "ಇವತ್ತು ನೀನು ಹೇಳು," ಅಂದಳು.

ಟೈಲರಮ್ಮ ಬಾಯಿಪಾಠ ಒಪ್ಪಿಸಿದಳು. ಕಣ್ಣು ಮುಚ್ಚಿ. ಹೊಳೆಯ ದಂಡೆಗೆ ಬನ್ನಿ. ಬೊಗಸೆ ತುಂಬ ತಣ್ಣನೆಯ ನೀರು ತಗೊಳ್ಳಿ. ಕುಡೀರಿ, ಇನ್ನೊಂದು ಬೊಗಸೆ ಕುಡೀರಿ, ಹೊಟ್ಟೆ ತುಂಬ ಕುಡೀರಿ.

ಮೊದಲ ಹಾಸಿಗೆಯ ಮೇಷ್ಟ್ರು ಕಣ್ಣು ಬಿಟ್ಟರು. "ತಾಯಿ, ನಮಗೆ ಡಾಕ್ಟರು ಹೇಳಿರೋದು ದಿನಕ್ಕೆ ಮೂರು ಲೋಟ. ನೀನು ಹೊಳೇನೇ ಕುಡಿಸ್ತಿದ್ದೀಯಲ್ಲ."

ಕೆಲವರು ನಕ್ಕರು. ಕಿಟಕಿ ಪಕ್ಕದ ಹೆಂಗಸು ನಗಲಿಲ್ಲ. ಒಣಗಿದ ತುಟಿ ನೆಕ್ಕಿಕೊಳ್ಳುತ್ತ ಅಳತೊಡಗಿದಳು.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಸಿಡುಕಿದಳು. "ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕ್ತೀಯಾ? ಇಲ್ವಲ್ಲ. ಮನುಷ್ಯರಿಗೆ ಯಾಕೆ ಹಾಕ್ದೆ? ನಿನಗೆ ಹೊಳೆ ನೆನಪಿತ್ತು, ಏನೂ ಹೊಳೀಲಿಲ್ಲ. ಮುಖ ನೋಡು. ಉಸಿರು ನೋಡು. ಅವರು ಎಲ್ಲಿದ್ದಾರೆ ಅಂತ ಹೊಳೆಯೋವರೆಗೂ ಬಾಯಿ ಬಿಡಬೇಡ."

ಆಮೇಲೆ ಒಂದು ವರ್ಷ ಟೈಲರಮ್ಮ ಬರೀ ಕೂತು ಮುಖ ನೋಡಿದಳು.

*

ಅವಳು ಮುದುಕನ ಪಕ್ಕ ನೆಲದ ಮೇಲೆ ಕೂತಳು. "ಭಾವ, ಒಂದ್ನಿಮಿಷ ಕಣ್ಣು ಮು..."

ನಾಲಿಗೆ ಕಚ್ಚಿಕೊಂಡಳು. ಏಳು ಗಂಟೆಗೆ ಕಣ್ಣು ಮುಚ್ಚಿದವಳ ಪಕ್ಕದಲ್ಲಿ ಆಡುವ ಮಾತೇ ಇದು? ಮತ್ತೆ ಅದೇ ಬಾಯಿಪಾಠ.

"ಸಾಕು ಏಳಿ," ಅಂದ ಮಗ. "ನಿಮ್ಮ ಕ್ಲಾಸೆಲ್ಲ ಇಲ್ಲಿ ಬೇಡ. ಅಪ್ಪ ಜೀವಮಾನ ಪೂರ್ತಿ ರೈಲ್ವೆ ಗೇಟು ಹಾಕ್ಕೊಂಡು ಕೂತೋರು, ಈಗ್ಲೂ ಹಾಕ್ಕೊಂಡು ಕೂತಿದ್ದಾರೆ. ನಾವೇ ತೆಗೀಬೇಕು."

ಟೈಲರಮ್ಮ ಏಳಲಿಲ್ಲ, ಮುಖ ನೋಡಿದಳು. ಮುದುಕ ಹೆಂಡತಿಯನ್ನು ನೋಡುತ್ತಿರಲಿಲ್ಲ. ಕತ್ತು ಎಡಕ್ಕೆ ವಾಲಿತ್ತು, ದೂರದ್ದೇನನ್ನೋ ಕಿವಿಗೊಟ್ಟು ಕೇಳುವವನ ಹಾಗೆ. ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಂಡಿತ್ತು.

"ಭಾವ, ಗೇಟು ಹಾಕಿದೀರಾ?"

ಮಗ ಹಲ್ಲು ಕಡಿದ.

"ಹಾಕಿದೀನಿ," ಅಂದ ಮುದುಕ. ಬೆಳಗಿನಿಂದ ಅವನು ಆಡಿದ ಮೊದಲ ಮಾತು.

"ಪ್ಯಾಸೆಂಜರ್ ಬರ್ತಿದೆ, ಅಲ್ವಾ?"

"ಈ ಹೊತ್ತಲ್ಲಿ ಎಲ್ಲಿಯ ಪ್ಯಾಸೆಂಜರ್? ಗೂಡ್ಸು."

ಅಳತೆ ತಪ್ಪಿತು. ಅವಳು ಇನ್ನಷ್ಟು ಹತ್ತಿರ ಸರಿದಳು. "ನನಗೆ ಕಾಣ್ತಿಲ್ಲ ಭಾವ. ನೀವೇ ನೋಡಿ ಹೇಳಿ."

"ಇಂಜಿನ್ ದಾಟ್ತು. ಡಬ್ಬಿ ಶುರುವಾದ್ವು. ಉದ್ದ ಇದೆ."

ಹೊರಗೆ ವ್ಯಾನಿನ ಹಾರ್ನ್ ಕೂಗಿತು. ಮಗ ಬಗ್ಗಿ ಕೈಚಾಚಿದ. ಟೈಲರಮ್ಮ ತಿರುಗಿ ನೋಡದೆಯೇ ಅವನ ಮೊಣಕಾಲಿಗೆ ಅಂಗೈ ಒತ್ತಿ ತಡೆದಳು.

"ಬರಲಿ ಬಿಡಿ ಭಾವ. ಒಂದೊಂದೇ ದಾಟಲಿ."

ಮುದುಕನ ತುಟಿ ಎಣಿಸತೊಡಗಿತು. ಡಬ್ಬಿಗೊಂದರಂತೆ ಉಸಿರು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಇಪ್ಪತ್ತಾಯಿತು. ಮೂವತ್ತಾಯಿತು. 'ಕೊನೇದು ಬಂತಾ' ಎನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

ನಲವತ್ತೊಂದಕ್ಕೆ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಮುದುಕ ಎದ್ದ. "ಗಾರ್ಡಿಗೆ ಬಾವುಟ ತೋರಿಸ್ಬೇಕು," ಅನ್ನುತ್ತ ಮುಷ್ಟಿ ಬಿಗಿದು ಬಲಗೈಯನ್ನು ಪಕ್ಕಕ್ಕೆ ನೆಟ್ಟಗೆ ಚಾಚಿದ.

ವ್ಯಾನಿನವರು ಅಕ್ಕನನ್ನು ಎತ್ತಿಕೊಂಡು ಅವನ ಮುಂದೆಯೇ ದಾಟಿ ಹೊರಟರು. ಹಿಂದೆ ಧಾವಿಸಿದ ಮಗನ ಎದೆಗೆ ಗೇಟಿನ ಹಾಗೆ ಅಡ್ಡ ಚಾಚಿದ್ದ ಅಪ್ಪನ ತೋಳು ತಾಕಿತು. ಮಗ ನಿಂತ. ಅವನ ಹಿಂದೆ ಸೊಸೆ, ಅವಳ ಹಿಂದೆ ನೆಂಟರು, ಎಲ್ಲರೂ ನಿಂತರು. ಬೀದಿಯಲ್ಲಿ ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು. ಮುದುಕ ಕತ್ತನ್ನು ನಿಧಾನವಾಗಿ ಬಾಗಿಲ ಕಡೆಗೆ ಹೊರಳಿಸುತ್ತಿದ್ದ. ತೋಳು ಇನ್ನೂ ಇಳಿದಿರಲಿಲ್ಲ.