ದಿಂಬಿನ ಕವರಿನ ಉಂಗುರ

ದೊಡ್ಡಮ್ಮ ಪುಟ ತಿರುವಿದ್ದು ಒಂದು ಸಾಲು ಮೊದಲೇ. ಆ ಪುಟದ ಕೊನೆಯ ಸಾಲು ಇನ್ನೂ ಬಾಯಲ್ಲಿತ್ತು, ಕೈ ಆಗಲೇ ಮುಂದಿನ ಪುಟಕ್ಕೆ ಹೋಗಿತ್ತು. ಆದರೂ ಓದು ಎಲ್ಲೂ ತಡವರಿಸಲಿಲ್ಲ, ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಎದುರಿಗೆ ಕೂತಿದ್ದ ಗುಮಾಸ್ತೆಯ ಕಣ್ಣು ಕಿರಿದಾಯಿತು.

ಅವಳು ಆಸ್ಪತ್ರೆಯ ದಾಖಲೆ ವಿಭಾಗದವಳು. ಹನ್ನೊಂದು ವರ್ಷದಿಂದ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಕೆಲಸ. ಅನುಮಾನ ಅವಳಿಗೆ ಸಂಬಳದ ಜೊತೆಗೆ ಬರುವ ಭತ್ಯೆಯ ಹಾಗೆ ಅಂಟಿಕೊಂಡಿತ್ತು. ಗಂಡ ಅಡುಗೆ ಚೆನ್ನಾಗಿದೆ ಎಂದರೆ ಇವನಿಗೇನು ಬೇಕಾಗಿದೆಯೋ ಎಂದು ಯೋಚಿಸುವ ಪೈಕಿ. ಇಂಥವಳ ತಲೆಗೆ ಕಸ ಗುಡಿಸಿ ನೆಲ ಒರೆಸುವ ಆರು ಹೆಂಗಸರಿಗೆ ಓದು ಕಲಿಸುವ ಕೆಲಸ ಕಟ್ಟಿದ್ದು ಒಂದು ಬಕೆಟ್ಟಿನ ದೆಸೆಯಿಂದ. ಯಾರೋ ನೆಲ ಒರೆಸುವ ದ್ರಾವಣದ ಡಬ್ಬಿಯ ಮೇಲಿನ ಚೀಟಿ ಓದಲು ಬಾರದೆ ಬೆರೆಸಬಾರದ್ದನ್ನು ಬೆರೆಸಿದ್ದರು. ಎದ್ದ ಹೊಗೆಗೆ ಒಬ್ಬಳು ನಾಲ್ಕು ದಿನ ಅದೇ ಆಸ್ಪತ್ರೆಯ ಮಂಚ ಹಿಡಿದಿದ್ದಳು. ಮೂರು ತಿಂಗಳಲ್ಲಿ ಓದು ಬಾರದವರು ಮನೆಗೆ ಹೋಗಬಹುದು ಎಂದು ಮೇಲಿನಿಂದ ಆದೇಶ ಬಂತು. ಶುಕ್ರವಾರ ಕೊನೆಯ ದಿನ. ಗುಮಾಸ್ತೆ ಫಾರಂನಲ್ಲಿ ‘ಓದಬಲ್ಲರು’ ಎಂದು ಬರೆದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಪಾಠ ನಡೆಯುತ್ತಿದ್ದುದು ಮಧ್ಯಾಹ್ನ ಎರಡರಿಂದ ಮೂರು, ಒಗೆದ ಹಾಸಿಗೆ ಬಟ್ಟೆಗಳನ್ನು ಜೋಡಿಸಿಡುವ ಕೋಣೆಯಲ್ಲಿ. ಪರೀಕ್ಷೆಗೆ ಇದ್ದದ್ದು ಪುಸ್ತಕದ ಕೊನೆಯ ಕಥೆ. ವಾರ್ಡಿನಲ್ಲಿ ಕಸ ಗುಡಿಸುವ ಹೆಂಗಸಿಗೆ ದಿಂಬಿನ ಕವರಿನೊಳಗೆ ಉಂಗುರ ಸಿಗುತ್ತದೆ, ಅವಳು ಅದನ್ನು ಕಳೆದುಕೊಂಡ ರೋಗಿಗೆ ಕೊಟ್ಟುಬಿಡುತ್ತಾಳೆ. ಇವರಿಗೆ ಓದೂ ಬರಲಿ, ಬುದ್ಧಿಯೂ ಬರಲಿ ಎಂಬುದು ಮೇಲಿನವರ ಲೆಕ್ಕಾಚಾರ.

ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದುದು ಆರು ಜನರಲ್ಲಿ ಅವಳೇ ಹಿರಿಯಳಾದ್ದರಿಂದ. ಇಪ್ಪತ್ತಾರು ವರ್ಷದ ಕೆಲಸ. ಮನೆಯಲ್ಲಿ ಕಾಲು ಮುರಿದುಕೊಂಡು ಕೂತ ಅಳಿಯ, ಮಗಳು, ಮೊಮ್ಮಗಳು, ಎಲ್ಲರ ಅನ್ನ ಇವಳ ಪೊರಕೆಯಿಂದಲೇ ಬರಬೇಕು. ಇದೆಲ್ಲ ಗುಮಾಸ್ತೆಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅನುಮಾನ ಹೆಚ್ಚಾಯಿತು, ಇಷ್ಟು ಕಷ್ಟ ಇರುವವಳು ಮೋಸ ಮಾಡದೆ ಇರುತ್ತಾಳೆಯೇ ಎಂದು. ಮರುದಿನ ಪುಸ್ತಕದ ನಡುವೆ ಒಂದು ಪದಕ್ಕೆ ಬೆರಳಿಟ್ಟು ಇದೇನು ಎಂದು ಕೇಳಿದಳು. ದೊಡ್ಡಮ್ಮ ಕನ್ನಡಕ ಮನೆಯಲ್ಲಿ ಮರೆತೆ ಎಂದಳು. ಆಗ ಗುಮಾಸ್ತೆ ಆರು ಜನರಲ್ಲೇ ಒಬ್ಬಳಾದ, ದೊಡ್ಡಮ್ಮನ ಪಕ್ಕದ ಮನೆಯ ಸಣಕಲಿಯನ್ನು ವರಾಂಡಕ್ಕೆ ಕರೆದು ಮೆಲ್ಲಗೆ ಬಾಯಿ ಬಿಡಿಸಿದಳು. ದಿನಾ ಸಂಜೆ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳುತ್ತಾಳಂತೆ, ದೊಡ್ಡಮ್ಮ ಹಿಂದೆಯೇ ಒಪ್ಪಿಸುತ್ತಾಳಂತೆ, ಆ ಬೀದಿಯವರಿಗೆಲ್ಲ ಕಥೆ ಬಾಯಿಪಾಠ ಆಗಿದೆಯಂತೆ.

ಇಷ್ಟು ಸಾಕಾಗಿತ್ತು. ಗುರುವಾರ ಗುಮಾಸ್ತೆ ಕಥೆಯನ್ನು ತಾನೇ ಟೈಪು ಮಾಡಿದಳು. ಎಲ್ಲ ಮೊದಲಿನ ಹಾಗೆಯೇ, ಕೊನೆಯ ಎರಡು ವಾಕ್ಯ ಮಾತ್ರ ಬೇರೆ. ಬಾಯಿಪಾಠ ಮಾಡಿದವಳು ಅಲ್ಲಿ ಮುಗ್ಗರಿಸಲೇಬೇಕು.

ಶುಕ್ರವಾರ ಹಾಳೆ ಕೊಡುತ್ತ, ಅದೇ ಕಥೆ, ಅಕ್ಷರ ಸ್ವಲ್ಪ ದಪ್ಪ ಮಾಡಿದ್ದೇನೆ ಅಷ್ಟೆ ಎಂದಳು. ದೊಡ್ಡಮ್ಮ ಕನ್ನಡಕ ಏರಿಸಿ ಎದ್ದು ನಿಂತು ಓದತೊಡಗಿದಳು. ಉಳಿದ ಐವರು ಬಟ್ಟೆಯ ಗಂಟುಗಳ ಮೇಲೆ ಕೂತು ಕೇಳುತ್ತಿದ್ದರು. ಹಾಸಿಗೆ ಬಂತು, ದಿಂಬು ಬಂತು, ಉಂಗುರ ಬಂತು. ಕೊನೆಗೆ ಬಂದಾಗ ದೊಡ್ಡಮ್ಮ ನಿಂತಳು. ಹಾಳೆಯನ್ನು ಹತ್ತಿರಕ್ಕೆ ತಂದಳು, ದೂರ ಹಿಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಅವಳು ಉಂಗುರವನ್ನು ಒಯ್ದು ರೋಗಿಯ ಕೈಗೆ ಕೊಟ್ಟಳು, ಎಲ್ಲರೂ ಅವಳನ್ನು ಹೊಗಳಿದರು ಎಂದು ಮುಗಿಸಿದಳು.

ಗುಮಾಸ್ತೆಗೆ ಸಂತೋಷವಾಯಿತು. ಇಪ್ಪತ್ತಾರು ವರ್ಷ ದುಡಿದವಳ ಕೆಲಸ ಹೋಗುವ ಹೊತ್ತಿನಲ್ಲಿ ಆಗಬಾರದಷ್ಟು ಸಂತೋಷವಾಯಿತು.

“ಅಲ್ಲಿ ಹಾಗೆ ಬರೆದಿಲ್ಲ, ದೊಡ್ಡಮ್ಮ.”

“ಗೊತ್ತು ಮೇಡಂ.”

ದೊಡ್ಡಮ್ಮ ಮೇಜಿನ ಹತ್ತಿರ ಬಂದು, ಹೆಂಗಸರಿಗೆ ಬೆನ್ನು ಮಾಡಿ ಬಗ್ಗಿ ನಿಂತಳು. ಸೋಪಿಗೆ ಬೆಳ್ಳಗಾಗಿ ಬಿರಿದ ಬೆರಳನ್ನು ಹಾಳೆಯ ಮೇಲಿಟ್ಟು, ಗುಮಾಸ್ತೆಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ನೆಲದಿಂದ ಕೆರೆದು ತೆಗೆಯುವವಳಂತೆ ಓದಿದಳು. “ಉಂಗು...ರವನ್ನು ಜೇ...ಬಿಗೆ ಹಾಕಿ...ಕೊಂಡು ಮನೆಗೆ ಹೋ...ದಳು. ಯಾರಿಗೂ ತಿಳಿ...ಯಲಿಲ್ಲ.”

ಗುಮಾಸ್ತೆ ತಲೆ ಎತ್ತಲಿಲ್ಲ.

“ಮೊದಲು ಬಾಯಿಪಾಠ ಮಾಡಿದ್ದು ನಿಜ,” ಎಂದಳು ದೊಡ್ಡಮ್ಮ, ಅದೇ ಸಣ್ಣ ದನಿಯಲ್ಲಿ. “ಬಾಯಿಗೆ ಬಂದ್ಮೇಲೆ ಯಾವ ಮಾತು ಎಲ್ಲಿ ಕೂತಿದೆ ಅಂತ ಬೆರಳಿಟ್ಟು ಹುಡುಕ್ತಾ ಹೋದೆ. ನಂಗೆ ಓದು ಬಂದಿದ್ದೇ ಹಂಗೆ. ನಿಧಾನ. ಇವರ ಮುಂದೆ ಮಗು ಥರ ತೊದಲೋಕೆ ನಾಚಿಕೆ ಆಗ್ತಿತ್ತು. ಕನ್ನಡಕದ ಮಾತು ಸುಳ್ಳು.” ಸ್ವಲ್ಪ ತಡೆದಳು. “ಆದ್ರೆ ಇದನ್ನ ನನ್ನ ಬಾಯಿಂದ ಇವರಿಗೆ ಹೇಗೆ ಕೇಳಿಸ್ಲಿ ಮೇಡಂ? ವಾರ್ಡಲ್ಲಿ ಒಂದು ಚಮಚ ಕಾಣ್ದೇ ಇದ್ರೂ ಮೊದ್ಲು ನಮ್ಮ ಜೇಬನ್ನೇ ತಡಕೋದು.”

ದೊಡ್ಡಮ್ಮ ನೆಟ್ಟಗೆ ನಿಂತಳು.

“ಅದೇ ಕಥೆ ಅಂದ್ರಲ್ಲ ನೀವು?” ಈ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು.

ಟೈಪು ಮಾಡುವಾಗ ತಪ್ಪಾಯಿತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಅನುಮಾನ ತುಂಬಿದ ಐದು ಜೊತೆ ಕಣ್ಣುಗಳು ತನ್ನ ಮೇಲಿರುವುದನ್ನು ಗುಮಾಸ್ತೆ ನೋಡಿದಳು. ತಪ್ಪು ಹುಡುಕಲು ಹೊರಟಾಗ ತನ್ನ ಮುಖವೂ ಹೀಗೆಯೇ ಕಾಣುತ್ತಿರಬೇಕು ಎನಿಸಿ ಅವಳಿಗೆ ನಾಚಿಕೆಯಾಯಿತು.

“ಅಲ್ಲ. ಕಥೆ ಬದಲಾಯಿಸಿದ್ದು ನಾನೇ. ನಿಮ್ಮ ಮೇಲೆ ಅನುಮಾನ ಇತ್ತು.”

ಸಣಕಲಿ ಏನು ಬರೆದಿತ್ತು ಎಂದು ಕೈ ಚಾಚಿದಳು. ದೊಡ್ಡಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ತನ್ನ ಜೇಬಿಗೆ ಹಾಕಿಕೊಂಡಳು.

ಗುಮಾಸ್ತೆ ಫಾರಂ ತೆಗೆದು ‘ಓದಬಲ್ಲರು’ ಎಂದು ಬರೆದಳು. ಕಾಗದವನ್ನು ದೊಡ್ಡಮ್ಮನ ಕಡೆ ತಿರುಗಿಸಿ, ಪೆನ್ನು ಕೊಟ್ಟು, ಕೆಳಗೆ ಸಹಿ ಹಾಕಬೇಕಾದ ಜಾಗ ತೋರಿಸಿದಳು. ಇಷ್ಟು ವರ್ಷವೂ ಯಾರಾದರೂ ಹೀಗೆ ಬೆರಳು ತೋರಿಸಿದ ಜಾಗದಲ್ಲಿ ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದ್ದಳು, ಮೇಲೆ ಏನಿದೆ ಎಂದು ಕೇಳಿರಲಿಲ್ಲ. ಈಗ ಪೆನ್ನನ್ನು ಪಕ್ಕಕ್ಕಿಟ್ಟಳು.

“ಓದಿ ಹಾಕ್ತೀನಿ.”

ಕುರ್ಚಿ ಎಳೆದುಕೊಂಡು ಕೂತಳು. ಫಾರಂನಲ್ಲಿ ಹನ್ನೆರಡು ಸಾಲುಗಳಿದ್ದವು, ಒಂದಕ್ಕಿಂತ ಒಂದು ಗಡುಸಾದ ಕಚೇರಿಯ ಮಾತುಗಳು. ಐದು ಹೆಂಗಸರೂ ಎದ್ದು ಬಂದು ಅವಳ ಭುಜದ ಹಿಂದೆ ನಿಂತರು, ಅವರ ತುಟಿಗಳೂ ಆಡತೊಡಗಿದವು. ಮೂರು ಗಂಟೆಯಾಯಿತು. ಕಾರಿಡಾರಿನಲ್ಲಿ ಟೀ ಗಾಡಿ ಬಂದು ಹೋಯಿತು. ಗುಮಾಸ್ತೆ ಕೈ ಕಟ್ಟಿ ಎದುರಿಗೆ ನಿಂತೇ ಇದ್ದಳು. ದೊಡ್ಡಮ್ಮನ ಬೆರಳು ಐದನೆಯ ಸಾಲಿನಲ್ಲಿ ಒಂದು ಪದದ ಹತ್ತಿರ ನಿಂತು, ಹಿಂದಕ್ಕೆ ಹೋಗಿ, ಸಾಲಿನ ಮೊದಲಿನಿಂದ ಮತ್ತೆ ಬರುತ್ತಿತ್ತು.